ಗಿಡ್ಡ ಮೇಕೆಗಳು ಮತ್ತು ಅತ್ತೆಯ ಸೂಟ್‌ಕೇಸು

ನಮ್ಮ ಮಾವನಿಗೆ ದನದ ವಿಷಯದಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ. ನಮ್ಮ ಮನೆಗೆ ಹಿಡಿದ ಗ್ರಹಚಾರವೇ ಅದು. ಮೇಕೆಯೂ ಒಂದು ದನವೇ, ಸ್ವಲ್ಪ ಕುಳ್ಳಗಿರುವ ದನ, ಅಷ್ಟೇ ಎಂದು ಅವರು ನಂಬಿಕೊಂಡಿದ್ದರು.

ವಿಸ್ಕಾನ್ಸಿನ್‌ನ ಈ ಗುಡ್ಡಗಳ ಸಂದಿಯಲ್ಲಿ ಎಲ್ರಾಯ್ ಮಾವ ಹುಟ್ಟಿದಾಗಿನಿಂದ ಹಸುಗಳ ಮಧ್ಯೆಯೇ ಬೆಳೆದವರು. ಎರಡೂ ಮಂಡಿಗಳು ಕೈಕೊಟ್ಟ ಮೇಲೆ ಹಸುಗಳನ್ನೆಲ್ಲ ಮಾರಿದರು. ಕೆಂಪು ಕೊಟ್ಟಿಗೆ ಖಾಲಿಯಾಯಿತು. ಆಮೇಲೆ ಶುರುವಾಯಿತು ನೋಡಿ ಅಡುಗೆಮನೆಯಲ್ಲಿ ಕಾಟ. ಆರ್ಡಿಸ್ ಅತ್ತೆ ಈರುಳ್ಳಿ ಹೆಚ್ಚಿದರೆ "ಇಷ್ಟು ದಪ್ಪ ಯಾಕೆ?" ನಾನು ಬಟ್ಟೆ ಒಣಹಾಕಿದರೆ "ಗಾಳಿ ಆ ಕಡೆಯಿಂದ ಬರ್ತಿದೆ, ಹೀಗ್ಯಾಕೆ ಹಾಕ್ದೆ ಮಾರ್ನಿ?" ನನ್ನ ಗಂಡ ಟಾಡ್‌ಗೇನು, ಹಾಲಿನ ಟ್ಯಾಂಕರ್ ಓಡಿಸುವವನು, ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾನೆ. ಹಗಲಿಡೀ ಅನುಭವಿಸಿದವರು ಅತ್ತೆ ಮತ್ತು ನಾನು. ಕೊನೆಗೆ ಅತ್ತೆಯೇ ಹೇಳಿದರು, "ಎಲ್ರಾಯ್, ನಿನ್ನ ಕೈಗೊಂದು ಕೆಲಸ ಹುಡುಕ್ಕೋ. ಏನಾದ್ರೂ ಸರಿ."

ಏನಾದರೂ ಸರಿ ಎಂದದ್ದೇ ತಪ್ಪಾಯಿತು. ಮುಂದಿನ ವಾರ ಮಾವ ಹರಾಜಿಗೆ ಹೋದವರು ಕಾರಿನ ಹಿಂದಿನ ಸೀಟಿನಲ್ಲಿ ಮೂರು ಗಿಡ್ಡ ಮೇಕೆಗಳನ್ನು ಕೂರಿಸಿಕೊಂಡು ಬಂದರು. ಅವುಗಳ ಕೆಳಗೆ ಹಾಸಿದ್ದು ಅತ್ತೆ ಚರ್ಚಿಗೆ ಹಾಕಿಕೊಂಡು ಹೋಗುವ ಕೋಟು.

"ಏನಿದು?" ಎಂದರು ಅತ್ತೆ.

"ಮೇಕೆ."

"ಅದು ನಂಗೂ ಕಾಣ್ತಿದೆ. ಯಾಕೆ?"

"ಸುಮ್ನೆ. ಬ್ರಿನ್‌ಗೆ ಆಡ್ಕೊಳ್ಳೋಕೆ. ಗಿಡ್ಡ ಜಾತಿ ಆರ್ಡಿಸ್, ನಾಯಿ ಇದ್ದ ಹಾಗೆ."

"ನಾಯಿಗೆ ಇಷ್ಟು ದೊಡ್ಡ ಕೆಚ್ಚಲಿರಲ್ಲ ಎಲ್ರಾಯ್."

ಬ್ರಿನ್ ನನ್ನ ಮಗಳು, ಹನ್ನೊಂದು ವರ್ಷ. ಅವಳು ಆಗಲೇ ಒಂದನ್ನು ಅಪ್ಪಿಕೊಂಡು ಹೆಸರಿಡುತ್ತಿದ್ದಳು. ಹೆಸರಿಟ್ಟ ಮೇಲೆ ಮುಗಿಯಿತು, ವಾಪಸು ಕಳಿಸುವ ಮಾತೇ ಇಲ್ಲ.

ಮೂರು ಇದ್ದದ್ದು ವರ್ಷ ತಿರುಗುವುದರೊಳಗೆ ಒಂಬತ್ತಾದವು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮತ್ತೆ ಹಾಲು ಕರೆಯುವ ಕೆಲಸ. ಮಾವನ ಕೈ ಒಂದೊಂದೂ ಸಲಿಕೆಯಷ್ಟಿದೆ, ಈ ಮೇಕೆಗಳ ಮೊಲೆಯೋ ಹೆಬ್ಬೆರಳಿನಷ್ಟೂ ಇಲ್ಲ. ಎರಡೇ ಬೆರಳಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು ಕರೆಯುತ್ತಿದ್ದರು. ಹಸುಗಳ ಹೆಸರು ಬರೆದ ಹಲಗೆಗಳು ಇನ್ನೂ ಮೇಲೆ ತೂಗಾಡುತ್ತಿದ್ದವು, ಕೆಳಗೆ ಈ ಗಿಡ್ಡಿಗಳು ಹಸು ಕಟ್ಟುವ ಕಬ್ಬಿಣದ ಚೌಕಟ್ಟುಗಳ ಸಂದಿಯಲ್ಲಿ ಓಡಾಡಿಕೊಂಡಿದ್ದವು. ಹಾಲೇನೋ ಬೆಣ್ಣೆಯಂಥ ಹಾಲು, ಇಲ್ಲ ಅನ್ನುವುದಿಲ್ಲ. ಆದರೆ ಫ್ರಿಜ್ ಬಾಗಿಲು ತೆಗೆದರೆ ಸಾಕು, ಬಾಟಲಿಗಳು. ಗಿಣ್ಣು, ಚೀಸು, ಪುಡಿಂಗು, ಕೊನೆಗೆ ಸೋಪು. ನನ್ನ ತಲೆ ಚಿಟ್ಟು ಹಿಡಿದುಹೋಯಿತು.

"ಒಂದು ಲೋಟ ಕುಡಿದು ನೋಡು ಆರ್ಡಿಸ್," ಎಂದು ಮಾವ ದಿನವೂ ನೀಡುವರು.

"ಹಾಲು ಅಂದ್ರೆ ನಂಗೆ ಈ ಜನ್ಮಕ್ಕೆ ಸಾಕಾಗಿದೆ," ಎಂದು ಅತ್ತೆ ದಿನವೂ ಕಪ್ಪು ಕಾಫಿ ಕುಡಿಯುವರು.

ಅತ್ತೆಯ ಸಂಕಟ ಏನೆಂದು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನನಗೆ ಗೊತ್ತಾಯಿತು. ಅವರ ಮದುವೆಯ ದಿನವೇ ಸಂಜೆ ಹಾಲು ಕರೆಯಲು ಇಬ್ಬರೂ ವಾಪಸು ಬಂದಿದ್ದರಂತೆ. ಬಿಳಿ ಗೌನಿನ ಕೆಳಗೆ ರಬ್ಬರ್ ಬೂಟು ಹಾಕಿಕೊಂಡು ಅತ್ತೆ ಕೊಟ್ಟಿಗೆಯಲ್ಲಿ ನಿಂತಿರುವ ಫೋಟೋ ಈಗಲೂ ಮೆಟ್ಟಿಲ ಪಕ್ಕ ನೇತಾಡುತ್ತಿದೆ. ಎಲ್ಲರೂ ನೋಡಿ ನಗುತ್ತಾರೆ, ಅತ್ತೆ ನಗುವುದಿಲ್ಲ. ಅವರ ತಂಗಿ ಲವೋನ್ ದೂರದ ಆರೆಗನ್‌ನಲ್ಲಿ ಸಮುದ್ರದ ದಡದ ಊರಿನವನನ್ನು ಮದುವೆಯಾದಾಗ, ಕೆಲಸದಾಳು ಹೇಳದೆ ಕೇಳದೆ ಬಿಟ್ಟುಹೋಗಿದ್ದನೆಂದು ಅತ್ತೆ ತಂಗಿಯ ಮದುವೆಗೇ ಹೋಗಲಿಲ್ಲ. ಮುಂದೆ ಊರಿನ ಮದುವೆ, ನಾಮಕರಣ ಯಾವುದಿದ್ದರೂ ಒಬ್ಬರು ಹೋಗುವುದು, ಒಬ್ಬರು ಹಾಲು ಕರೆಯುವುದು. ಗಂಡ ಹೆಂಡತಿ ಜೊತೆಯಾಗಿ ಒಂದು ರಾತ್ರಿಯೂ ಹೊರಗೆ ಉಳಿದಿಲ್ಲ.

ಆ ವಸಂತದಲ್ಲಿ ಲವೋನ್ ಫೋನ್ ಮಾಡಿದರು. ನವೆಂಬರ್‌ನಲ್ಲಿ ಅವರ ಮದುವೆಗೆ ಐವತ್ತು ವರ್ಷ ತುಂಬುತ್ತದೆ, ದೊಡ್ಡ ಊಟ, ಎಲ್ಲರೂ ಬರಬೇಕು. ಫೋನ್ ಇಟ್ಟು ಅತ್ತೆ ಊಟದ ಮೇಜಿಗೆ ಬಂದರು. ಹುರಿದ ಹಂದಿಮಾಂಸ, ಆಲೂಗಡ್ಡೆ, ಗ್ರೇವಿ. ಮಾವನ ತಟ್ಟೆಗೆ ಬಡಿಸುತ್ತಾ ಹೇಳಿದರು.

"ನಾವಿಬ್ರೂ ಹೋಗ್ತಿದೀವಿ."

"ನೀನು ಹೋಗ್ಬಾ. ಟಾಡ್ ರೈಲಿಗೆ ಬಿಡ್ತಾನೆ."

"ಇಬ್ರೂ ಅಂದೆ. ಗಂಡ ಗುಂಡುಕಲ್ಲಿನ ಹಾಗಿರೋವಾಗ ಫೋಟೋದಲ್ಲಿ ವಿಧವೆ ಥರ ಒಬ್ಳೇ ನಿಂತು ನಿಂತು ಸಾಕಾಗಿದೆ ನಂಗೆ."

ಮಾವ ಫೋರ್ಕು ಕೆಳಗಿಟ್ಟರು. ಅವರಿಗೆ ಹೆಂಡತಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ತುಂಬ ಇದೆ. ಆದರೆ ಆ ಪ್ರೀತಿ ಯಾವಾಗಲೂ ಹಾಲು ಕರೆದಾದ ಮೇಲಿನ ಹೊತ್ತಿನದು.

"ಆಯ್ತು," ಎಂದರು. "ಹಸುಗಳನ್ನ ಒಟ್ಟಿಗೆ ಬತ್ತಿಸೋಕೆ ಆಗ್ತಿರಲಿಲ್ಲ, ದಿನಾ ಹಾಲಿನ ಲಾರಿ ಬರ್ತಿತ್ತು. ಇವುಗಳದ್ದು ಹಾಗಲ್ಲ. ಅಕ್ಟೋಬರ್ ಮುಗಿಯೋದ್ರೊಳಗೆ ಒಂಬತ್ತನ್ನೂ ಬತ್ತಿಸ್ಬಿಡ್ತೀನಿ. ನವೆಂಬರ್‌ನಲ್ಲಿ ಕೊಟ್ಟಿಗೇಲಿ ಒಂದು ತೊಟ್ಟು ಹಾಲಿರಲ್ಲ. ಹುಲ್ಲು ನೀರು ಟಾಡ್ ನೋಡ್ಕೋತಾನೆ. ನಾವು ರೈಲು ಹತ್ತೋಣ."

"ಇಬ್ರೂ?"

"ಇಬ್ರೂ."

"ಕೈ ಕೊಡು."

ದನದ ವ್ಯಾಪಾರದಲ್ಲಿ ಕೊಡುವ ಹಾಗೆ ಮಾವ ಮೇಜಿನ ಮೇಲಿಂದ ಕೈ ಚಾಚಿದರು. ಅತ್ತೆ ಗಟ್ಟಿಯಾಗಿ ಕುಲುಕಿದರು. ಈ ಸೀಮೆಯಲ್ಲಿ ಹಾಗೆ ಕೈ ಕೊಟ್ಟ ಮೇಲೆ ಮಾತು ತಪ್ಪಿದರೆ ಮುಖ ತೋರಿಸುವ ಹಾಗಿಲ್ಲ. ಮಾರನೆಯ ದಿನವೇ ಅತ್ತೆ ಎರಡು ಟಿಕೆಟು ತರಿಸಿಕೊಂಡರು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಮೇಕೆಗಳು ಈದಿದ್ದವು. ಹೆಚ್ಚಿನ ಮರಿಗಳನ್ನು ಮಾರಿಬಿಟ್ಟೆವು, ಮೂರು ಹೆಣ್ಣುಮರಿ, ಮೂರು ಗಂಡುಮರಿ ಉಳಿದವು. ಗಂಡುಗಳಲ್ಲಿ ಒಬ್ಬ ಬಟನ್. ತಾಯಿ ಹತ್ತಿರ ಸೇರಿಸಲಿಲ್ಲವೆಂದು ಬ್ರಿನ್ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಬೆಕ್ಕಿಗಿಂತ ಸ್ವಲ್ಪ ದೊಡ್ಡವನು, ಅಷ್ಟೇ. ಮೇ ಕಳೆಯುವ ಹೊತ್ತಿಗೆ ನಾನು ಮಾವನಿಗೆ ಹೇಳಿದೆ.

"ಮಾವ, ಗಂಡುಮರಿಗಳನ್ನ ಈಗ್ಲೇ ಬೇರೆ ಹಾಕ್ಬೇಕು. ಇಲ್ಲಾಂದ್ರೆ ಬೀಜ ಒಡೆಸ್ಬೇಕು."

"ಯಾಕೆ?"

"ಯಾಕೆ ಅಂದ್ರೆ? ಗಂಡು ಅಲ್ವಾ?"

ಮಾವ ಹೊಟ್ಟೆ ಕುಣಿಸಿ ನಕ್ಕರು. "ನೋಡು ಮಾರ್ನಿ, ಹೋರಿಗರು ಒಂದು ವರ್ಷ ಹತ್ರ ಬರೋವರೆಗೂ ಹಸು ಕಡೆ ತಲೆ ಎತ್ತಿ ನೋಡಲ್ಲ. ಇದಿನ್ನೂ ಬಾಟ್ಲಿ ಚೀಪ್ತಿದೆ."

"ಇದು ಹೋರಿಗರು ಅಲ್ಲ ಮಾವ. ಗಿಡ್ಡ ಜಾತಿ ಮೇಕೆ. ಎರಡು ತಿಂಗಳಿಗೇ ಕೆಲ್ಸ ಕೆಡಿಸ್ತವೆ. ಕಾಲ ಅಂತಾನೂ ಇಲ್ಲ ಇವಕ್ಕೆ, ವರ್ಷವಿಡೀ ಬೆದೆಗೆ ಬರ್ತವೆ."

"ಇದಾ?" ಮಾವ ಬಟನ್‌ನನ್ನು ಒಂದೇ ಕೈಯಲ್ಲಿ ಎತ್ತಿ ನನ್ನ ಮುಖದ ಮುಂದೆ ಹಿಡಿದರು. ಅವನು ಬಾಯಲ್ಲಿ ರಬ್ಬರ್ ನಿಪ್ಪಲ್ ಕಚ್ಚಿಕೊಂಡು ಬಾಲ ಆಡಿಸುತ್ತಿದ್ದ. "ಇವನಿಗೆ ಏಣಿ ತಂದ್ಕೊಡ್ತೀಯಾ?"

"ಅಜ್ಜ ಹೇಳಿದ್ದೇ ಸರಿ," ಎಂದಳು ಬ್ರಿನ್. "ಅಮ್ಮ, ಬಟನ್‌ಗೆ ಬೀಜ ಒಡೆಸ್ಬೇಡ. ಬೇರೆ ಹಾಕ್ಬೇಡ. ಅವನು ಒಬ್ನೇ ಮಲಗಲ್ಲ."

"ನಿನ್ನ ಬಟನ್ ಯಾರ ಜೊತೆ ಮಲಗ್ತಾನೆ ಅನ್ನೋದೇ ಕಣೇ ನನ್ನ ಚಿಂತೆ!"

ಅವಳಿಗೆ ಅರ್ಥವಾಗಲಿಲ್ಲ, ಅವಳಜ್ಜ ಮಾತ್ರ ಮತ್ತೆ ನಕ್ಕರು. ನಾನು ಹಠ ಹಿಡಿದು ಮೂರನ್ನೂ ಹಳೆಯ ಕರುಗಳ ಕೋಣೆಯಲ್ಲಿ ಕೂಡಿದೆ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಹೆಣ್ಣುಗಳ ಮಧ್ಯೆ. "ಕೂಗಿ ಕೂಗಿ ಗಂಟಲು ಕಟ್ಟಿತ್ತು ಪಾಪ, ನಾನೇ ಬಿಟ್ಟೆ," ಎಂದರು ಮಾವ. ಮತ್ತೆ ಕೂಡಿದೆ. ಈ ಸಲ ಬಟನ್ ಹಸುಗಳಿಗೆಂದು ಮಾಡಿದ ಕಂಬಿಗಳ ನಡುವೆ ನೀರಿನ ಹಾಗೆ ಜಾರಿ ಬಂದ. ಆ ಕೋಣೆಗೆ ಬಲೆ ಹೊಡೆದುಕೊಡು ಎಂದು ಟಾಡ್‌ಗೆ ಹೇಳಿದೆ.

"ಅಪ್ಪನೂ ನೀನೂ ಮೊದ್ಲು ಒಂದು ಮಾತಿಗೆ ಬನ್ನಿ, ಆಮೇಲೆ ಹೊಡೀತೀನಿ."

"ನಾವು ಒಂದು ಮಾತಿಗೆ ಬರೋ ಹೊತ್ತಿಗೆ ನೀನು ಬಾಣಂತನ ಮಾಡ್ತಿರ್ತೀಯ."

"ನನ್ನನ್ನ ಮಧ್ಯೆ ಎಳೀಬೇಡಿ. ನಾನು ಟ್ಯಾಂಕರ್ ಓಡಿಸೋನು."

ಈ ಮನೆಯ ಗಂಡಸರಿಗೆ ಒಂದೊಂದು ವಾಹನ, ಒಂದೊಂದು ನೆಪ. ಸಾಕಪ್ಪಾ ಸಾಕು, ಏನಾದರೂ ಮಾಡಿಕೊಳ್ಳಿ ಎಂದು ಕೈತೊಳೆದುಕೊಂಡೆ. ಬಲೆ ಬಿತ್ತು, ಆದರೆ ಅದು ಬಿದ್ದದ್ದು ಜುಲೈಯಲ್ಲಿ.

ಆಗಸ್ಟ್ ಕೊನೆಗೆ ಹಾಲು ಇಳಿಯತೊಡಗಿತು. ಹಿಂಡಿ ಸರಿಯಿಲ್ಲ ಎಂದರು ಮಾವ. ಬಿಸಿಲು ಎಂದರು. ನೊಣ ಎಂದರು. ನಾನು ಯಾರನ್ನೂ ಕೇಳದೆ ಪಶುವೈದ್ಯೆಗೆ ಫೋನ್ ಮಾಡಿದೆ. ಅತ್ತೆ ಮನೆಯಲ್ಲಿಲ್ಲದ ಮಧ್ಯಾಹ್ನ ಬಂದ ಆ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಒತ್ತಿ ಪರದೆ ನೋಡುತ್ತಾ ಒಂದೊಂದೇ ಮೇಕೆ ದಾಟಿದರು. ಗಬ್ಬ. ಗಬ್ಬ. ಇದೂ ಗಬ್ಬ. ಒಂಬತ್ತೂ ಮುಗಿಯಿತು, ಆಮೇಲೆ ಮರಿಗಳು. ಎರಡಕ್ಕೆ ಏನೂ ಇರಲಿಲ್ಲ. ಮೂರನೆಯದು ಪೀಚ್, ಬ್ರಿನ್ ತನ್ನದೆಂದು ಸಾಕುತ್ತಿದ್ದ ಹೆಣ್ಣುಮರಿ. ಅದರ ಹೊಟ್ಟೆಯ ಮೇಲೆ ಯಂತ್ರ ನಿಂತೇಬಿಟ್ಟಿತು.

"ಇದಕ್ಕೂ ಇದೆ," ಎಂದರು ಡಾಕ್ಟರಮ್ಮ. "ಮೊದ್ಲೇ ಕರೆದಿದ್ರೆ ಒಂದು ಇಂಜೆಕ್ಷನ್ನಲ್ಲಿ ಮುಗೀತಿತ್ತು. ಈಗ ತಡ ಆಯ್ತು. ಇದರ ಸೊಂಟ ಇನ್ನೂ ಬೆಳೆದಿಲ್ಲ. ಈಯೋವಾಗ ಹತ್ರ ಇರ್ಬೇಕು, ಕಷ್ಟ ಆಗ್ಬಹುದು."

"ಯಾವಾಗ ಈಯತ್ತೆ?" ಎಂದೆ.

"ಎಲ್ಲವೂ ಹೆಚ್ಚುಕಮ್ಮಿ ಒಂದೇ ಸಲ. ನವೆಂಬರ್ ಮೊದಲ್ನೇ ವಾರ."

ನಾನು ಮಾವನ ಮುಖ ನೋಡಿದೆ. ಮಾವ ಪೀಚ್‌ನ ಮುಖ ನೋಡಿದರು. ಅದು ಅವರ ಅಂಗಿಯ ಗುಂಡಿ ಕಚ್ಚುತ್ತಾ ನಿಂತಿತ್ತು. ಡಾಕ್ಟರಮ್ಮ ಹೋದ ಮೇಲೆ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಮಾವ ಪೀಚ್‌ನ ಬಾಯಿಂದ ಗುಂಡಿ ಬಿಡಿಸಿಕೊಂಡರು.

"ಆರ್ಡಿಸ್‌ಗೆ ನಾನೇ ಹೇಳ್ತೀನಿ," ಎಂದರು ಕೊನೆಗೆ. "ನೀವ್ಯಾರೂ ಬಾಯಿ ಬಿಡ್ಬೇಡಿ. ನನ್ನ ಬಾಯಿಂದಾನೇ ಕೇಳ್ಲಿ."

"ಯಾವಾಗ ಹೇಳ್ತೀರಿ?"

"ಸಮಯ ನೋಡ್ಕೊಂಡು."

ಆ ಸಮಯ ಬಂದಿದ್ದರೆ ಕೇಳಿ! ಭಾನುವಾರ ಚರ್ಚಿನಿಂದ ಬಂದ ಮೇಲೆ ಹೇಳುತ್ತೇನೆ ಎಂದರು, ಹೇಳಲಿಲ್ಲ. ಶುಕ್ರವಾರ ಊರಿನ ಹೋಟೆಲಿನಲ್ಲಿ ಕರಿದ ಮೀನು ತಿನ್ನುವಾಗ ಹೇಳುತ್ತೇನೆ ಎಂದರು. ಎರಡು ತಟ್ಟೆ ಮೀನು ತಿಂದು, ಬಿಯರ್ ಕುಡಿದು, ಹವಾಮಾನ ಮಾತಾಡಿ ಬಂದರು. ಅತ್ತೆಯ ಮಂಡಿನೋವು, ಜೋಳದ ಕೊಯ್ಲು, ನೆಗಡಿ, ಎಲ್ಲವೂ ಅಡ್ಡ ಬಂದವು. ಟಾಡ್‌ಗೆ ಹೇಳಿದರೆ "ಅಪ್ಪ ಹೇಳ್ತೀನಿ ಅಂದಿದಾನಲ್ಲ," ಎಂದು ಹಲ್ಲುಜ್ಜಲು ಹೋದ. ಮನೆಯಲ್ಲಿ ಅತ್ತೆ ಬಂದರೆ ಮಾತು ನಿಲ್ಲುವುದು, ಹೋದರೆ ಪಿಸುಗುಡುವುದು. ಬ್ರಿನ್ ಅಂತೂ ಅಜ್ಜಿಯ ಕಣ್ಣು ತಪ್ಪಿಸಿಕೊಂಡೇ ಊಟ ಮಾಡುತ್ತಿದ್ದಳು.

ಅತ್ತೆಯ ಪಾಡಿಗೆ ಅತ್ತೆ ಇದ್ದರು. ನೀಲಿ ಬಟ್ಟೆಯೊಂದನ್ನು ತಂದು ತಾವೇ ಹೊಲಿದುಕೊಂಡರು. ಗುರುವಾರ ಗುರುವಾರ ಮಧ್ಯಾಹ್ನ ಕಾರು ತೆಗೆದುಕೊಂಡು ಚರ್ಚಿನ ಹೆಂಗಸರ ಕೌದಿ ಹೊಲಿಗೆಗೆ ಹೋಗಿ ಸಂಜೆ ಬರುತ್ತಿದ್ದರು. ಮೊದಲು ತಿಂಗಳಿಗೊಮ್ಮೆ ಇದ್ದದ್ದು ಈಗ ಯಾಕೋ ಪ್ರತಿವಾರವಾಗಿತ್ತು.

"ಕೌದಿ ಎಲ್ಲಿಗೆ ಬಂತು ಅತ್ತೆ?"

"ಆಗ್ತಿದೆ."

"ಅಮ್ಮನ ಕಾರಿನ ಪೆಟ್ರೋಲ್ ಎಲ್ಲಿ ಹೋಗ್ತಿದೆ ಗೊತ್ತಾಗ್ತಿಲ್ಲ," ಎಂದ ಟಾಡ್ ಒಮ್ಮೆ. "ಚರ್ಚು ಇರೋದು ಗುಡ್ಡದಾಚೆ. ಟ್ಯಾಂಕ್ ಸೋರ್ತಿದೆಯೋ ಏನೋ."

"ಸೋರ್ತಿಲ್ಲ," ಎಂದರು ಅತ್ತೆ. "ನೀನು ಎಲೆಕೋಸು ತಿನ್ನು."

ಸೆಪ್ಟೆಂಬರ್ ಬಂತು. ಗಬ್ಬದ ಮೇಕೆಗಳಿಗೆ ಈಯುವ ಎರಡು ತಿಂಗಳ ಮುಂಚೆ ಹೇಗೂ ಹಾಲು ಬತ್ತಿಸಲೇಬೇಕು. ಮಾವ ಹಿಂಡಿ ಕಡಿಮೆ ಮಾಡಿದರು, ಎರಡು ಹೊತ್ತಿನದನ್ನು ಒಂದು ಹೊತ್ತು ಮಾಡಿದರು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಪೂರ್ತಿ ನಿಲ್ಲಿಸಿದರು. ಆ ದಿನ ಸಂಜೆ ಊಟಕ್ಕೆ ಕೂತು ಎದೆ ಸೆಟೆಸಿ ಏನು ಹೇಳಿದರು ಗೊತ್ತೆ?

"ಆರ್ಡಿಸ್, ಹೇಳಿದ್ದೆನಲ್ಲ. ಒಂಬತ್ತೂ ಬತ್ತಿದವು. ಅದೂ ಒಂದು ತಿಂಗಳು ಮುಂಚೇನೇ!"

ಬ್ರಿನ್ ಮೇಜಿನ ಕೆಳಗೆ ನನ್ನ ಕಾಲು ಒದ್ದಳು. ಅತ್ತೆ ಗ್ರೇವಿಯ ಪಾತ್ರೆ ಕೈಯಲ್ಲಿ ಹಿಡಿದು ಗಂಡನನ್ನು ತುಂಬ ಹೊತ್ತು ನೋಡಿದರು.

"ಬೇರೆ ಏನಾದ್ರೂ ಹೇಳೋದಿದ್ಯಾ ಎಲ್ರಾಯ್?"

"ಬೇರೆ... ಇಲ್ಲ. ಆಲೂಗಡ್ಡೆ ಚೆನ್ನಾಗಿದೆ."

"ಇನ್ನೆರಡು ಹಾಕ್ಕೋ," ಎಂದರು ಅತ್ತೆ.

ಅಕ್ಟೋಬರ್ ಇಡೀ ಕೊಟ್ಟಿಗೆ ನಿಶ್ಶಬ್ದ. ಕರೆಯುವುದಿಲ್ಲ, ಕಾಯಿಸುವುದಿಲ್ಲ, ಬಾಟಲಿ ತೊಳೆಯುವುದಿಲ್ಲ. ಮೇಕೆಗಳು ಮಾತ್ರ ಅಕ್ಕಪಕ್ಕಕ್ಕೆ ಊದುತ್ತಾ ಪೀಪಾಯಿಗಳಾದವು. ನಾನು ಮಾವನನ್ನು ಹಿಡಿದುಕೊಂಡೆ.

"ನೀವು ಹೇಳ್ತೀರೋ, ನಾನು ಹೇಳ್ಲೋ?"

"ಒಂದು ವಾರ ಮುಂಚೆ ಈದ್ರೆ? ಈಯ್ತವೆ ಕಣಮ್ಮ, ಕೆಲವು ಸಲ ಹಾಗಾಗತ್ತೆ. ಆಮೇಲೆ ನಿಶ್ಚಿಂತೆಯಿಂದ ಹೋಗ್ಬಹುದು. ಸುಮ್ನೆ ಅವಳಿಗ್ಯಾಕೆ ಚಿಂತೆ?"

"ಮುಂಚೆ ಈಯದೆ ಇದ್ರೆ?"

ಅವರು ಪೀಚ್‌ನ ಕಡೆ ನಡೆದರು. ಬೆಳಿಗ್ಗೆ ಸಂಜೆ ಹೋಗಿ ಪೀಚ್‌ನ ಬಾಲದ ಬುಡ ಒತ್ತಿ ನೋಡುವರು, ಅಲ್ಲಿನ ನರ ಸಡಿಲವಾದರೆ ಹೆರಿಗೆ ಹತ್ತಿರ. ಆ ಪುಟ್ಟ ಪ್ರಾಣಿ ಈ ಸ್ಥಿತಿಗೆ ಬಂದದ್ದು ತಮ್ಮಿಂದ ಎಂದು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ತಮ್ಮ ಹಳೆಯ ಉಣ್ಣೆಯ ಅಂಗಿ ಕತ್ತರಿಸಿ ಅದಕ್ಕೊಂದು ಕವಚ ಮಾಡಿ ತೊಡಿಸಿದ್ದರು. ಅದನ್ನು ನೋಡಿದರೆ ಬಯ್ಯಲೂ ಆಗದು, ಸುಮ್ಮನಿರಲೂ ಆಗದು.

ಹೊರಡುವ ವಾರ ಅತ್ತೆ ಎರಡು ಸೂಟ್‌ಕೇಸು ಕಟ್ಟಿ ಬಾಗಿಲ ಪಕ್ಕ ಇಟ್ಟರು. ಒಂದು ಅವರದು, ಒಂದು ಮಾವನದು. ಮಾವನ ತಲೆಗೂದಲು ತಾವೇ ಕತ್ತರಿಸಿದರು. ಎರಡು ಮೇಕೆ ಆ ವಾರದಲ್ಲಿ ಸಲೀಸಾಗಿ ಈದವು, ನಾವೆಲ್ಲ ಕಳ್ಳರ ಹಾಗೆ ಮರಿಗಳನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟೆವು. ಉಳಿದವು ಇವತ್ತೋ ನಾಳೆಯೋ ಅನ್ನುವಂತಿದ್ದವು. ನಮ್ಮ ಮನೆ ಹುಚ್ಚಾಸ್ಪತ್ರೆಯಾಗಿತ್ತು.

ಹೊರಡುವ ದಿನ ಬೆಳಿಗ್ಗೆ ಪೀಚ್ ಹುಲ್ಲು ಕೆರೆಯತೊಡಗಿತು, ಹೆರಿಗೆ ಶುರುವಾಗುವ ಲಕ್ಷಣ.

ಟೋಮಾ ಸ್ಟೇಷನ್ನಿಗೆ ರೈಲು ಬರುವುದು ಮಧ್ಯಾಹ್ನದ ಮೇಲೆ. ಅತ್ತೆ ನೀಲಿ ಬಟ್ಟೆ ಹಾಕಿಕೊಂಡು, ದಾರಿಗೆಂದು ಹ್ಯಾಮ್ ಸ್ಯಾಂಡ್‌ವಿಚ್ಚುಗಳನ್ನು ಕಾಗದದಲ್ಲಿ ಸುತ್ತಿ ಎರಡು ಪೊಟ್ಟಣ ಮಾಡುತ್ತಿದ್ದರು. ಮಾವ ಒಳಗೆ ಬಂದರು. ಟೈ ಕಟ್ಟಿದ್ದರು, ಕಾಲಲ್ಲಿ ಕೊಟ್ಟಿಗೆಯ ಬೂಟು ಇತ್ತು.

"ಆರ್ಡಿಸ್, ಒಂದು ಮಾತು."

"ಹೇಳು."

"ಮೇಕೆಗಳು ಗಬ್ಬ."

"ಗೊತ್ತು."

ಮಾವನ ಬಾಯಿ ತೆರೆದೇ ಉಳಿಯಿತು. ನನ್ನದೂ ಸಹ.

"ಯಾವಾಗಿಂದ ಗೊತ್ತು?"

"ಪಕ್ಕೆ ತುಂಬ್ದಾಗಿಂದ. ಬಟ್ಟೆ ಒಣಹಾಕೋ ತಂತಿ ಹತ್ರ ನಿಂತ್ರೆ ಕೊಟ್ಟಿಗೆ ಕಾಣತ್ತೆ ಎಲ್ರಾಯ್. ಈ ಮನೆಗೆ ಬಂದಾಗಿಂದ ನಾನು ನೋಡಿದ್ದು ಗಬ್ಬದ ದನಾನೇ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನು ಹೇಳ್ತೀಯೇನೋ ಅಂತ. ದಿನಾ ಊಟಕ್ಕೆ ಕೂತಾಗ ಕಾದೆ. ಆಲೂಗಡ್ಡೆ ಚೆನ್ನಾಗಿದೆ ಅಂದೆ ನೀನು."

ಮಾವ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದರು. "ಪೀಚ್ ಶುರು ಮಾಡಿದೆ. ಅದಿನ್ನೂ ಮರಿ ಆರ್ಡಿಸ್. ಮಾರ್ನಿ ಹೇಳಿದ್ಲು, ನಾನು ಕೇಳ್ಲಿಲ್ಲ. ನನ್ನ ತಪ್ಪಿಗೆ ಅದು ಸಾಯೋ ಹಾಗಾದ್ರೆ? ಬಿಟ್ಟು ಹೇಗೆ ಬರ್ಲಿ? ಮುಂದಿನ ವರ್ಷ ಖಂಡಿತ..."

"ಲವೋನ್‌ಗೆ ಐವತ್ತು ತುಂಬೋದು ಈ ವರ್ಷ."

"ಮಾವ, ನಾನಿದೀನಲ್ಲ!" ನನಗೆ ತಡೆಯಲಾಗಲಿಲ್ಲ. "ಟಾಡ್ ರಜೆ ಹಾಕಿ ಕೊಟ್ಟಿಗೇಲಿ ಕೂತಿದಾನೆ. ಡಾಕ್ಟರಮ್ಮ ಹೊರಟಾಯ್ತು. ನೀವು ಹೋಗಿ."

"ನಿಮಗೇನು ಗೊತ್ತಾಗತ್ತೆ?"

"ಯಾರಿಗೆ ಏನು ಗೊತ್ತಾಗತ್ತೆ ಅಂತ ಕೊಟ್ಟಿಗೇಲಿ ಒಂದೊಂದು ಹೊಟ್ಟೆ ನೋಡಿದ್ರೂ ಗೊತ್ತಾಗತ್ತೆ ಮಾವ!"

ಅತ್ತೆ ಕೋಟು ಹಾಕಿಕೊಂಡರು, ತಮ್ಮ ಸೂಟ್‌ಕೇಸು ಎತ್ತಿಕೊಂಡು ಹೊರಗೆ ನಡೆದರು. ಬಾಗಿಲ ಪಕ್ಕ ಒಂದೇ ಉಳಿಯಿತು. ಮಾವ ಅದನ್ನು ನೋಡಿದರು, ಕೊಟ್ಟಿಗೆಯ ಕಡೆ ನೋಡಿದರು. ಆಮೇಲೆ, ಪುಣ್ಯಾತ್ಮ, ಬೂಟು ಬಿಚ್ಚಿ ಶೂ ಹಾಕಿಕೊಂಡರು, ಸೂಟ್‌ಕೇಸು ಎತ್ತಿಕೊಂಡು ಹೋಗಿ ಕಾರಿನಲ್ಲಿಟ್ಟರು. ಸ್ಟಿಯರಿಂಗ್ ಮುಂದೆ ಕೂತು ಕಾರು ಶುರು ಮಾಡಿದರು. ಅತ್ತೆ ಪಕ್ಕದಲ್ಲಿ ಕೂತರು. ಕಿಟಕಿಯ ಗಾಜಿನೊಳಗೆ ಅತ್ತೆಯ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಆ ಮುಖ ಅಷ್ಟು ಹಗುರವಾಗಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಅಳು ಬಂತು.

ಅಷ್ಟರಲ್ಲಿ ಕೊಟ್ಟಿಗೆಯಿಂದ ಬ್ರಿನ್ ಕಿರುಚಿದಳು.

"ಅಜ್ಜಾ! ಮರಿದು ಒಂದೇ ಕಾಲು ಬಂದಿದೆ, ಇನ್ನೊಂದು ಒಳಗೇ ಸಿಕ್ಕಿದೆ! ಅಜ್ಜಾ!"

ಮಾವ ಕಾರಿನ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟರು. "ಎರಡೇ ನಿಮಿಷ ಆರ್ಡಿಸ್. ನೋಡ್ಕೊಂಡು ಬಂದ್ಬಿಟ್ಟೆ."

ಹೊಸ ಶೂ ಹಾಕಿಕೊಂಡೇ ಕೆಸರಿನಲ್ಲಿ ಕುಂಟುತ್ತಾ ಓಡಿದರು. ಡಾಕ್ಟರಮ್ಮನ ಗಾಡಿಯೂ ಆಗಲೇ ಬಂದು ನಿಂತಿತು, ಅವರೂ ಚೀಲ ಹಿಡಿದು ಒಳಗೆ ಓಡಿದರು. ಎಂಜಿನ್ ಗುರುಗುಡುತ್ತಲೇ ಇತ್ತು. ಅತ್ತೆ ಮಡಿಲಲ್ಲಿ ಪೊಟ್ಟಣಗಳನ್ನು ಇಟ್ಟುಕೊಂಡು ಕಾದರು. ಎರಡು ನಿಮಿಷ ಕಳೆದು ಎಷ್ಟೋ ಹೊತ್ತಾಯಿತು. ಗಡಿಯಾರ ನೋಡಿಕೊಂಡರು. ಇನ್ನೂ ಕಾದರು. ನಾನು ಕೊಟ್ಟಿಗೆಯ ಬಾಗಿಲಿಗೆ ಹೋಗಿ "ಮಾವ, ರೈಲು!" ಎಂದು ಕೂಗಿದೆ. "ಬಂದೆ, ಬಂದೆ!" ಎಂಬ ಧ್ವನಿ ಬಂತು. ಮಾವ ಬರಲಿಲ್ಲ.

ಹಿಂದಿರುಗಿ ಬಂದಾಗ ಅತ್ತೆ ಕಾರಿನಿಂದ ಇಳಿದಿದ್ದರು. ಮಾವನ ಸೂಟ್‌ಕೇಸು ಹೊರಗೆ ತೆಗೆದು ಜಲ್ಲಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನ ಧೂಳು ಒರೆಸಿದರು. ಒಂದು ಪೊಟ್ಟಣವನ್ನು ಅದರ ಮೇಲಿಟ್ಟರು. ಆಮೇಲೆ ಸುತ್ತಿ ಬಂದು ಸ್ಟಿಯರಿಂಗ್ ಮುಂದೆ ಕೂತರು.

"ಅತ್ತೆ, ತಡೀರಿ, ನಾನು ಬಿಡ್ತೀನಿ. ಹೆದ್ದಾರಿ..."

"ನೀನು ಕೊಟ್ಟಿಗೆಗೆ ಹೋಗು, ಅಲ್ಲಿ ನಿನ್ನ ಅಗತ್ಯ ಇದೆ. ದಾರಿ ನಂಗೊತ್ತು. ಗುರುವಾರ ಗುರುವಾರ ಟೋಮಾಗೇ ಹೋಗಿ ಬರ್ತಿದ್ದೆ. ಮೊದಲ್ನೇ ಸಲ ಲಾರಿಗಳನ್ನ ನೋಡಿ ಹೆದರಿ ಪಕ್ಕಕ್ಕೆ ನಿಲ್ಲಿಸಿ ಅತ್ತಿದ್ದೆ. ಈಗ ಏನೂ ಅನ್ಸಲ್ಲ. ಗಾಡಿ ಸ್ಟೇಷನ್ ಹತ್ರ ಬಿಟ್ಟಿರ್ತೀನಿ, ಟಾಡ್ ತಗೊಂಡು ಬರ್ಲಿ."

"ಬರಲ್ಲ ಅಂತ ಗೊತ್ತಿತ್ತಾ ನಿಮ್ಗೆ? ಮತ್ತೆ ಎರಡು ಸೂಟ್‌ಕೇಸ್ ಯಾಕೆ ಕಟ್ಟಿದ್ರಿ?"

ಅತ್ತೆ ಕನ್ನಡಿ ಸರಿಮಾಡಿದರು. "ಎತ್ಕೋತಾನೇನೋ ನೋಡೋಣ ಅಂತ," ಎಂದರು. "ಎತ್ಕೊಂಡ. ಅಷ್ಟು ದೂರ ಬಂದ."

"ಮಾವನಿಗೆ ಏನು ಹೇಳ್ಲಿ?"

"ಪೀಚ್ ಹೇಗಿದೆ ಅಂತ ಕೇಳೋಕೆ ಫೋನ್ ಮಾಡ್ತೀನಿ ಅನ್ನು."

ಕಾರು ಸೀದಾ ಹೋಯಿತು, ಒಂದು ಸಲವೂ ತಡವರಿಸಲಿಲ್ಲ. ಗುಡ್ಡದ ತಿರುವಿನಲ್ಲಿ ದೀಪ ಹಾಕಿ ತಿರುಗಿತು.

ನಾನು ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಮಾವನೇ ಹೊರಗೆ ಬಂದರು. ಟೈ ತುಂಬ ರಕ್ತ, ಲೋಳೆ. ಕೋಟಿನೊಳಗೆ ಒದ್ದೆ ಮರಿ, ಇಲಿಯಷ್ಟು ಪುಟ್ಟ ತಲೆ ಮಾತ್ರ ಹೊರಗೆ. ಮುಖ ಬೆಳಗುತ್ತಿತ್ತು.

"ಆರ್ಡಿಸ್! ಬದುಕ್ತು! ಪೀಚ್‌ಗೆ ಏನೂ ಆಗಿಲ್ಲ! ಹೆಣ್ಣುಮರಿ ನೋಡು, ಆರ್ಡಿಸ್..."

ಅಂಗಳ ಖಾಲಿ. ಜಲ್ಲಿಯ ಮೇಲೆ ಸೂಟ್‌ಕೇಸು. ಯಾವಾಗ ತಪ್ಪಿಸಿಕೊಂಡು ಬಂದಿತ್ತೋ, ಡಚೆಸ್ ಎಂಬ ಮೇಕೆ ಪೀಪಾಯಿ ಹೊಟ್ಟೆ ಹೊತ್ತು ಅದರ ಮೇಲೆ ನಾಲ್ಕು ಕಾಲೂರಿ ನಿಂತು ಸ್ಯಾಂಡ್‌ವಿಚ್ಚನ್ನು ಕಾಗದ ಸಮೇತ ತಿನ್ನುತ್ತಿತ್ತು.

"ಎಲ್ಲಿ?"

"ಹೋದ್ರು."

"ಯಾರು ಓಡಿಸ್ಕೊಂಡು ಹೋದ್ರು?"

"ಅವರೇ."

"ಅವಳಿಗೆ ಹೆದ್ದಾರಿ ಆಗಲ್ಲ! ಅವಳು ಚರ್ಚಿನಿಂದ ಆಚೆ ಒಂದು ದಿನವೂ..."

"ಆಗಸ್ಟ್‌ನಿಂದ ಪ್ರತಿ ಗುರುವಾರ ಸ್ಟೇಷನ್ ತನಕ ಓಡಿಸಿ ಅಭ್ಯಾಸ ಮಾಡಿದಾರೆ ಮಾವ. ಕೌದಿ ಗೀದಿ ಏನೂ ಇರಲಿಲ್ಲ."

ಮಾವ ದಾರಿ ನೋಡುತ್ತಾ ನಿಂತರು. ಮರಿ ಚಳಿಗೆ ನಡುಗುತ್ತಿತ್ತು. ಡಚೆಸ್ಸನ್ನು ಪಕ್ಕಕ್ಕೆ ತಳ್ಳಿ ಸೂಟ್‌ಕೇಸಿನ ಮೇಲೆ ತಾವೇ ಕೂತುಬಿಟ್ಟರು.

"ಏನಾದ್ರೂ ಹೇಳಿದ್ಲಾ?"

"ಪೀಚ್ ಹೇಗಿದೆ ಅಂತ ಫೋನ್ ಮಾಡಿ ಕೇಳ್ತಾರಂತೆ."

"ನನ್ನ ವಿಷಯ?"

"ಇಲ್ಲ."

ತಲೆ ಆಡಿಸಿದರು. ಮರಿಯನ್ನು ಕೋಟಿನೊಳಗೆ ಎಳೆದುಕೊಂಡು ಕೇಳಿದರು, "ನಾಳೆ ರೈಲಿದ್ಯಾ ಮಾರ್ನಿ?"

"ದಿನಾ ಇದೆ ಮಾವ. ಮೊದ್ಲಿಂದಾನೂ ದಿನಾ ಇತ್ತು."

ಅವರು ಮತ್ತೆ ದಾರಿಯ ಕಡೆ ನೋಡಿದರು. ಆಗಲೇ ಕೊಟ್ಟಿಗೆಯಿಂದ ಇನ್ನೊಂದು ಮೇಕೆ ಉದ್ದಕ್ಕೆ ಎಳೆದು ಅರಚಿತು. ಮಾವನ ತಲೆ ತಾನಾಗಿಯೇ ಆ ಕಡೆ ತಿರುಗಿತು. "ಡಾಟಿ," ಎಂದರು, ಮಂಡಿ ಹಿಡಿದುಕೊಂಡು ಎದ್ದರು, ಮರಿಯನ್ನು ಎದೆಗೆ ಒತ್ತಿಕೊಂಡು ಒಳಗೆ ನಡೆದರು.

ಸಂಜೆ ಹನಿ ಬಿದ್ದಾಗಲೂ ಸೂಟ್‌ಕೇಸು ಅಲ್ಲೇ ಇತ್ತು. ಒಳಗೆ ತರಲಾ ಎಂದು ಟಾಡ್ ಕೇಳಿದ. ಬೇಡ, ಮುಟ್ಟಬೇಡ, ಅದನ್ನು ಅವರೇ ಎತ್ತಿಕೊಳ್ಳಲಿ ಎಂದೆ.